ಅಡಿಟಿಪ್ಪಣಿ ಎಂಬತ್ತೇಳು

ಡಾಕ್ಟರ್ ದ್ವಾರಕನಾಥರು ಇಪ್ಪತ್ಮೂರು ವರ್ಷ ಬಾವಿಗಳಲ್ಲೇ ಮುಳುಗಿದ್ದರು. ನೀರಿನ ಬಾವಿಯಲ್ಲ, ಕಾನೂನಿನ ಬಾವಿ. ಮೈಸೂರು ಸೀಮೆಯಲ್ಲಿ ಒಂದೇ ಬಾವಿಗೆ ನಾಲ್ಕು ಮನೆಯವರು ಹಕ್ಕುದಾರರಾಗಿದ್ದರೆ ಯಾರು ಯಾವ ದಿನ ನೀರು ಸೇದಬೇಕು, ಹೂಳು ತೆಗೆಸುವ ಸರದಿ ಯಾವ ವರ್ಷ ಯಾರದು ಎಂಬ ಬಗ್ಗೆ ನೂರು ವರ್ಷಕ್ಕೂ ಹಿಂದೆ ನಡೆದ ವ್ಯಾಜ್ಯಗಳ ಕಾಗದಗಳನ್ನು ಅವರು ಜರ್ಮನಿಯ ಸ್ಟುಟ್‌ಗಾರ್ಟಿನ ಗುಡ್ಡದ ಮೇಲಿನ ಒಂದು ಕಾನೂನು ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ ಕೂತು ಓದುತ್ತಿದ್ದರು. ಎರಡು ಸಂಪುಟ ಹೊರಬಂದಿತ್ತು. ಮೊದಲನೆಯದನ್ನು ಹನ್ನೊಂದು ಗ್ರಂಥಾಲಯಗಳು ಕೊಂಡಿದ್ದವು. ಎಷ್ಟು ಜನ ಓದಿದರು ಎಂದು ಕೇಳುವಷ್ಟು ಅಸಭ್ಯರು ಆ ಸಂಸ್ಥೆಯಲ್ಲಿ ಯಾರೂ ಇರಲಿಲ್ಲ.

ಎರಡು ಸಾವಿರದ ಎರಡನೇ ಇಸವಿಯ ವಸಂತದಲ್ಲಿ ಅಂಥವರೊಬ್ಬರು ಬಂದರು. ಹೊಸ ನಿರ್ದೇಶಕ ಪ್ರೊಫೆಸರ್ ಬ್ರೆಮರ್‌ಗೆ ನಲವತ್ತೊಂದು ವಯಸ್ಸು. ಸೈಕಲ್ಲಿನಲ್ಲಿ ಗುಡ್ಡ ಹತ್ತಿ ಬರುತ್ತಿದ್ದರು, ಬೆವರೂ ಬರುತ್ತಿರಲಿಲ್ಲ. ಮೊದಲ ಸಭೆಯಲ್ಲೇ ಅವರು, ಸಂಸ್ಥೆಗೆ ಹಣ ಕೊಡುವ ಪ್ರತಿಷ್ಠಾನ ಇನ್ನು ಮುಂದೆ ಸತ್ತವರ ಜಗಳಕ್ಕೆ ಕಾಸು ಬಿಚ್ಚುವುದಿಲ್ಲ, ಕಾನೂನು ಸಂಶೋಧನೆ ಎಂದರೆ ಇವತ್ತಿನ ಸಮಾಜದ ಸವಾಲುಗಳಿಗೆ ಉತ್ತರ ಕೊಡಬೇಕು ಎಂದು ಸಾರಿದರು. ‘ಪ್ರಸ್ತುತತೆ’ ಎಂಬ ಮಾತನ್ನು ಒಂದು ಗಂಟೆಯಲ್ಲಿ ಮೂವತ್ತೊಂಬತ್ತು ಸಲ ಆಡಿದರು. ದ್ವಾರಕನಾಥರು ಅಭ್ಯಾಸಬಲದಿಂದ ಎಣಿಸಿದ್ದರು.

ಸಂಸ್ಥೆಗೆ ಸಂಸ್ಥೆಯೇ ರಾತ್ರೋರಾತ್ರಿ ಪ್ರಸ್ತುತವಾಯಿತು. ಮಧ್ಯಯುಗದಲ್ಲಿ ಕಾಡಿಗೆ ಹಂದಿ ಮೇಯಲು ಬಿಡುವ ಹಕ್ಕಿನ ಬಗ್ಗೆ ಬರೆಯುತ್ತಿದ್ದವರು ಹುಚ್ಚು ಹಸುವಿನ ರೋಗದ ಕಾನೂನಿಗೆ ಹಾರಿದರು. ಹಳೇ ವರ್ತಕ ಸಂಘಗಳ ಪ್ರತಿಜ್ಞಾವಿಧಿಯ ಪಂಡಿತರು ಇಂಟರ್‌ನೆಟ್ ವ್ಯಾಪಾರದಲ್ಲಿ ನಂಬಿಕೆಯ ತಜ್ಞರಾದರು; ಪಾಪ, ಅವರಿಗೆ ಮೇಲ್ ತೆಗೆದುಕೊಡಲು ಸೆಕ್ರೆಟರಿ ಬೇಕಾಗಿತ್ತು. ಉಳಿದದ್ದು ಬಾವಿ ಒಂದೇ. ಬ್ರೆಮರ್ ದ್ವಾರಕನಾಥರನ್ನು ಕರೆದು ಮುಖ ನೋಡಿದರು, ಆಮೇಲೆ ಮುಖದ ಬಣ್ಣ ನೋಡಿದರು, ಥಟ್ಟನೆ ಉತ್ಸಾಹಗೊಂಡರು. ದೇಶವೆಲ್ಲ ಜರ್ಮನಿಯ ಗ್ರೀನ್ ಕಾರ್ಡ್ ಎಂಬ ಹೊಸ ಕೆಲಸದ ಪರವಾನಗಿಯ ಮೇಲೆ ಬಂದ ಭಾರತದ ಸಾಫ್ಟ್‌ವೇರ್ ಹುಡುಗರ ಬಗ್ಗೆ ಮಾತಾಡುತ್ತಿದೆ, ನೀವು ಭಾರತೀಯರು, ಒಂದು ಒಳ್ಳೆಯ ಸಂಘರ್ಷ ಹುಡುಕಿ ಎಂದರು. ಪ್ರತಿಷ್ಠಾನದ ಸಮಿತಿ ಡಿಸೆಂಬರ್ ಹನ್ನೆರಡಕ್ಕೆ ಬರುತ್ತದೆ. ಅಷ್ಟರೊಳಗೆ ಸಂಘರ್ಷ ಸಿಕ್ಕರೆ ಮೂರು ವರ್ಷದ ಯೋಜನೆ. ಸಿಗದಿದ್ದರೆ ಮಾರ್ಚ್ ಮೂವತ್ತೊಂದಕ್ಕೆ ನೌಕರಿಯ ಕರಾರು ಮುಗಿಯುತ್ತದೆ.

ದ್ವಾರಕನಾಥರಿಗೆ ಐವತ್ಮೂರು. ಐವತ್ಮೂರರಲ್ಲಿ ಬಾವಿ ತಜ್ಞನನ್ನು ಯಾರು ಕರೆದು ಮಣೆ ಹಾಕುತ್ತಾರೆ? ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮನೆಯಲ್ಲಿ ಹೆಂಡತಿ ವೈದೇಹಿಗೆ ಮಾತ್ರ ಇದೊಂದು ಬೌದ್ಧಿಕ ಸವಾಲು ಎಂದರು. ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಬೇರೆಯವರ ರಕ್ತ ಪರೀಕ್ಷೆ ಮಾಡುತ್ತಿದ್ದ ವೈದೇಹಿಗೆ ಗಂಡನ ಮುಖದಲ್ಲಿ ರಕ್ತ ಇಲ್ಲದ್ದು ಕಾಣದೆ ಇರಲಿಲ್ಲ.

ಸಂಘರ್ಷವನ್ನು ದಯಪಾಲಿಸಿದವನು ಗಣಪತಿ. ಸೆಪ್ಟೆಂಬರಿನಲ್ಲಿ ಕನ್ನಡದವರೆಲ್ಲ ಸೇರಿ ಚರ್ಚಿನ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು ಹಬ್ಬ ಮಾಡಿದ ದಿನ, ಕೈಯಲ್ಲಿ ಚಿತ್ರಾನ್ನದ ತಟ್ಟೆ ಹಿಡಿದ ಯುವಕನೊಬ್ಬ ಹತ್ತಿರ ಬಂದ. ಹೆಸರು ಯತಿರಾಜ್, ಮೈಸೂರಿನವನು, ಕಾರಿನ ಬಿಡಿಭಾಗ ಮಾಡುವ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಾನೆ, ಬಂದು ಒಂದೂವರೆ ವರ್ಷ.

“ಸರ್, ನೀವು ಲಾ ಅಲ್ವಾ? ಇದೊಂಚೂರು ನೋಡ್ತೀರಾ?” ಎಂದು ಜೇಬಿನಿಂದ ಒಂದು ಕಾಗದ ತೆಗೆದ. “ಡಿಕ್ಷನರಿ ಇಟ್ಕೊಂಡು ಓದ್ದೆ. ನಾವು ಕ್ಲೀನ್ ಮಾಡ್ತಿಲ್ಲ ಅಂತಿದಾರೆ. ವಾರ ವಾರಾನೂ ಮಾಡ್ತಿದೀವಿ ಸರ್, ಎದುರ್ ಮನೆ ಅಜ್ಜೀದೂ ಸೇರ್ಸಿ. ಇನ್ನೇನ್ ಮಾಡ್ಬೇಕು?”

ಅದು ಮನೆ ಮಾಲೀಕನ ಅಬ್ಮಾನುಂಗ್, ಅಂದರೆ ಎಚ್ಚರಿಕೆ ಪತ್ರ. ಸ್ಟುಟ್‌ಗಾರ್ಟಿನಲ್ಲಿ ಇದ್ದವರಿಗೆ ಕೇರ್‌ವೋಹೆ ಏನೆಂದು ಹೇಳಬೇಕಾಗಿಲ್ಲ. ಒಂದು ಕಟ್ಟಡದ ಮೆಟ್ಟಿಲು, ಮೊಗಸಾಲೆ ಗುಡಿಸಿ ಒರೆಸುವ ಕೆಲಸ ವಾರಕ್ಕೊಬ್ಬರಂತೆ ಮನೆಮನೆಗೂ ಬರುತ್ತದೆ. ಯಾರ ವಾರವೋ ಅವರ ಬಾಗಿಲ ಹಿಡಿಗೆ ಒಂದು ಮರದ ಬೋರ್ಡು ನೇತಾಡುತ್ತದೆ. ಕೆಲಸ ಮುಗಿಸಿದವರು ಅದನ್ನು ಮುಂದಿನ ಮನೆಯ ಬಾಗಿಲಿಗೆ ನೇತುಹಾಕಬೇಕು. ಮುಗಿಸುವ ತನಕ ಬೋರ್ಡು ಕದಲುವಂತಿಲ್ಲ. ದೇವರನ್ನು ನಂಬದ ಈ ಸೀಮೆಯ ಸ್ವೇಬಿಯನ್ ಜನರೂ ಇದನ್ನು ನಂಬುತ್ತಾರೆ.

ಪತ್ರದಲ್ಲಿದ್ದ ದೂರು ಬೇರೆಯೇ ಆಗಿತ್ತು. ಗುಡಿಸಿಲ್ಲ ಎಂದಲ್ಲ, ಬೋರ್ಡನ್ನು ಮುಂದಕ್ಕೆ ಕೊಟ್ಟಿಲ್ಲ ಎಂದು. ಯತಿರಾಜನ ಡಿಕ್ಷನರಿ ಅಷ್ಟು ದೂರ ಹೋಗಿರಲಿಲ್ಲ. ದ್ವಾರಕನಾಥರು ಬಾಯಿ ತೆರೆದು ಅದನ್ನು ಹೇಳಬೇಕೆನ್ನುವಷ್ಟರಲ್ಲಿ ಡಿಸೆಂಬರ್ ಹನ್ನೆರಡು ನೆನಪಾಯಿತು. ತೆರೆದ ಬಾಯಿಯನ್ನು ಒಂದು ಕಡುಬಿನಿಂದ ಮುಚ್ಚಿಕೊಂಡು, ಮನೆಗೇ ಬಂದು ವಿವರವಾಗಿ ಮಾತಾಡುತ್ತೇನೆ ಎಂದರು.

ಸೆಪ್ಟೆಂಬರ್ ಇಪ್ಪತ್ತೆರಡರ ಭಾನುವಾರ ಹೋದರು. ಯತಿರಾಜನ ಹೆಂಡತಿ ಸ್ಮಿತಾ ಐದು ತಿಂಗಳ ಬಸುರಿ. ಆ ಮಹಡಿಯಲ್ಲಿ ಇವರದು, ಎದುರಿನ ಅಜ್ಜಿಯದು ಎರಡೇ ಮನೆ, ಸರದಿ ಅವರಿಬ್ಬರ ನಡುವೆ. ಬೋರ್ಡು ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿತ್ತು: ಕೆಂಪಕ್ಷರ, ಕೆಳಗೆ ಬಕೀಟು, ಅದಕ್ಕೆ ಒರಗಿದ ದಪ್ಪನೆಯ ಒಂದು ಪೊರಕೆಯ ಚಿತ್ರ. ಇದನ್ನು ಎದುರು ಮನೆಗೆ ಯಾಕೆ ಹಾಕಲಿಲ್ಲ ಎಂದು ದ್ವಾರಕನಾಥರು ಕೇಳಿದ್ದಕ್ಕೆ ಸ್ಮಿತಾ ಮುಜುಗರಪಟ್ಟಳು.

“ವಯಸ್ಸಾದೋರು ಸರ್, ನಮ್ಮಜ್ಜಿಗಿಂತ ದೊಡ್ಡೋರು. ಗಂಡ ಬೇರೆ ತೀರ್ಕೊಂಡಿದಾರೆ. ಅಂಥೋರ ಬಾಗ್ಲಿಗೆ ಹೋಗಿ ಪೊರಕೆ ನೇತಾಕಕ್ಕಾಗುತ್ತಾ? ನಮ್ ಬೀದೀಲಿ ಯಾರಾದ್ರೂ ಹಾಗ್ ಮಾಡಿದ್ರೆ ಸಾಯೋವರ್ಗೂ ಮುಖ ನೋಡಲ್ಲ. ಅದಕ್ಕೇ ಅವ್ರ ವಾರಾನೂ ನಾನೇ ಮಾಡ್ಬಿಡ್ತೀನಿ.”

ಎರಡು ದಿನ ಬಿಟ್ಟು ದ್ವಾರಕನಾಥರು ಎದುರು ಮನೆಯ ಅಜ್ಜಿ ಫ್ರೌ, ಅಂದರೆ ಶ್ರೀಮತಿ, ಹೇಬರ್ಲೆಯನ್ನು ಕಂಡರು. ಎಪ್ಪತ್ತೆಂಟು ವರ್ಷ. ಮೂವತ್ತೊಂದು ವರ್ಷ ಒಬ್ಬ ನೋಟರಿಯ ಕಚೇರಿಯಲ್ಲಿ, ಮೊಹರು ಬೀಳುವ ಮೊದಲು ಪ್ರತಿ ಕಾಗದವನ್ನೂ ಅಕ್ಷರ ಅಕ್ಷರ ತಾಳೆ ನೋಡುವ ಕೆಲಸ ಮಾಡಿದವರು. ಬರ್ಲಿನ್ನಿನವರಿಗೂ ಅರ್ಥವಾಗದ ಸ್ವೇಬಿಯನ್ ಮಾತಿನಲ್ಲಿ ಅವರು ದುಃಖ ತೋಡಿಕೊಂಡರು. ಈ ಮನೆಯಲ್ಲಿ ನಲವತ್ನಾಲ್ಕು ವರ್ಷದಿಂದ ಒಂದು ಸರದಿಯನ್ನೂ ತಪ್ಪಿಸಿಲ್ಲ, ಗಂಡನನ್ನು ಮಣ್ಣು ಮಾಡಿ ಬಂದ ವಾರವೂ ಮೆಟ್ಟಿಲು ಒರೆಸಿದ್ದೇನೆ. ಈಗ ಈ ಹುಡುಗಿ ಬೋರ್ಡು ಬಚ್ಚಿಟ್ಟುಕೊಂಡು, ಮುದುಕಿ, ನಿನ್ನ ಕೈಲಾಗುವುದಿಲ್ಲ ಎಂದು ಬೀದಿಗೆಲ್ಲ ಸಾರುತ್ತಿದ್ದಾಳೆ. 

ಸ್ಟಾಡ್ಟ್‌ಬಾನ್ ರೈಲು ಹತ್ತಿ ಮನೆಗೆ ಹೋಗುವಷ್ಟರಲ್ಲಿ ದ್ವಾರಕನಾಥರಿಗೆ ಒಗಟು ಬಿಟ್ಟಿತ್ತು. ಇದು ಅವರಿಗೆ ಗೊತ್ತಿದ್ದ ಬಾವಿಯೇ. ಅವರ ಎರಡನೇ ಸಂಪುಟದಲ್ಲಿ ಇಂಥದ್ದೇ ಒಂದು ವ್ಯಾಜ್ಯವಿತ್ತು: ದುಂಡಪ್ಪ ಎಂಬವನು ಒಳ್ಳೆಯತನದಿಂದ ನೆರೆಯವನ ಪಾಲಿನ ಹೂಳನ್ನೂ ತಾನೇ ತೆಗೆಸುತ್ತ ಬಂದ, ನೆರೆಯವನು ಕೋರ್ಟಿಗೆ ಹೋದ. ಇವತ್ತು ಹೂಳು ತೆಗೆಯಲು ಬಿಡದವನು ನಾಳೆ ಬಾವಿಯೇ ನಿನ್ನದಲ್ಲ ಅಂತಾನೆ ಎಂಬುದು ಅವನ ಅಂಜಿಕೆ. ಸರದಿಯೆಂದರೆ ಹೊರೆಯೂ ಹೌದು, ಹಕ್ಕೂ ಹೌದು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಅವರ ಸಂಶೋಧನೆ ಜೀವಂತ ಇರುವವರ ಉಪಯೋಗಕ್ಕೆ ಬರುವ ಸ್ಥಿತಿಯಲ್ಲಿತ್ತು. ಆ ಮುದುಕಿಗೆ ಒಂದು ಮಾತು, ಈ ಹುಡುಗಿಗೆ ಒಂದು ಮಾತು, ಅಲ್ಲಿಗೆ ಮುಗಿಯಿತು.

ಮುಗಿಯುವುದೇ ತೊಂದರೆಯಾಗಿತ್ತು. ಬ್ರೆಮರ್‌ಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಹಳೆಯ ಸರದಿಯ ಕಾನೂನು, ಹೊಸ ವಲಸೆಗಾರರು, ಮೆಟ್ಟಿಲು! ಇದಕ್ಕಿಂತ ಪ್ರಸ್ತುತವಾದದ್ದು ಬೇಕೆಂದರೂ ಸಿಗುವುದಿಲ್ಲ. ಆದರೆ ಒಂದು ಎಚ್ಚರ, ಅಧ್ಯಯನ ಮುಗಿಯುವ ತನಕ ಸಂಶೋಧಕ ಕ್ಷೇತ್ರವನ್ನು ಮುಟ್ಟಬಾರದು. ಹೂವಿನ ಕುಂಡವನ್ನು ಅಲ್ಲಾಡಿಸದೆ ನೀರು ಹಾಕುವವರಂತೆ ಅವರು ಎರಡೂ ಕೈ ಆಡಿಸಿ ತೋರಿಸಿದರು. ಆಮೇಲೆ ಸ್ವಲ್ಪ ನಿರಾಶೆಯಿಂದ, ಬರೀ ಎಚ್ಚರಿಕೆ ಪತ್ರವೇ, ಇನ್ನೂ ಮುಂದಕ್ಕೆ ಹೋಗಿಲ್ಲವೇ ಎಂದು ಕೇಳಿದರು.

ವೈದೇಹಿಗೆ ವಿಜ್ಞಾನದ ಈ ಸೂಕ್ಷ್ಮ ತಲೆಗೆ ಹತ್ತಲಿಲ್ಲ. ಅಂದಿನಿಂದ ದಿನಾ ಸಂಜೆ ಗಂಡ ಕೋಟು ಬಿಚ್ಚುವ ಮೊದಲೇ ಅವಳದು ಒಂದೇ ಪ್ರಶ್ನೆ.

“ಹೇಳಿದ್ರಾ ಆ ಹುಡುಗಿಗೆ?”

ಮೆಥಡ್ ಎಂದು ಒಂದಿರುತ್ತದೆ, ಡಿಸೆಂಬರ್ ಹನ್ನೆರಡು ಕಳೆದ ಮೇಲೆ ನಾನೇ ಹೋಗಿ ಎಲ್ಲ ಸರಿಮಾಡುತ್ತೇನೆ ಎಂದು ದ್ವಾರಕನಾಥರು ವಿವರಿಸಿದರು. ಸಂಸ್ಥೆಯಲ್ಲಿ ಆ ಮಾತಿಗೆ ತೂಕವಿತ್ತು. ಅಡುಗೆಮನೆಯಲ್ಲಿ ಹುಳಿಯ ಪಾತ್ರೆಯ ಮುಂದೆ ಯಾಕೋ ಅದು ತೆಳುವಾಗಿ ಕೇಳಿಸಿತು.

ಅಕ್ಟೋಬರಿನಲ್ಲಿ ಎರಡನೇ ಎಚ್ಚರಿಕೆ ಪತ್ರ ಬಂತು. ಸಾಕಷ್ಟು ಚೊಕ್ಕಟವಾಗಿಲ್ಲವೇನೋ ಎಂದುಕೊಂಡ ಸ್ಮಿತಾ ವಾರಕ್ಕೆ ಎರಡು ಸಲ ಮೆಟ್ಟಿಲು ಒರೆಸಲು ಶುರುಮಾಡಿದಳು. ಯತಿರಾಜ್ ತಾನು ಮಾಡುತ್ತೇನೆಂದರೆ, ನೀವು ಮಾಡಿದ್ದು ಚೆನ್ನಾಗಿಲ್ಲ ಅಂತಲೇ ಇಷ್ಟೆಲ್ಲ ಆಗಿರೋದು ಎಂದು ಬಟ್ಟೆ ಕಿತ್ತುಕೊಳ್ಳುತ್ತಿದ್ದಳು. ದ್ವಾರಕನಾಥರು ಶನಿವಾರಗಳಂದು ನೋಟ್‌ಬುಕ್ ಹಿಡಿದು ಬಂದು ಮೆಟ್ಟಿಲ ತಿರುವಿನಲ್ಲಿ ನಿಲ್ಲುತ್ತಿದ್ದರು. ಎರಡನೇ ಮಹಡಿಯಿಂದ ಕೆಳಕ್ಕೆ ಇಪ್ಪತ್ತೆರಡು ನಿಮಿಷ, ನಡುವೆ ಎರಡು ಸಲ ಕೂತಳು ಎಂದು ಬರೆದುಕೊಂಡರು. ಎದುರು ಬಾಗಿಲ ಕಿಂಡಿಯಲ್ಲಿ ಫ್ರೌ ಹೇಬರ್ಲೆಯ ಕಣ್ಣು ಕಾಣುತ್ತಿತ್ತು, ಅದನ್ನೂ ಬರೆದುಕೊಂಡರು. ಒಮ್ಮೆ ಸ್ಮಿತಾ ಬಗ್ಗಿಕೊಂಡೇ ಬಂದು, “ಸರ್, ಒಂಚೂರು ಪಕ್ಕಕ್ಕೆ” ಎಂದಳು. ಅವರು ಪಕ್ಕಕ್ಕೆ ಸರಿದರು. ಅವರು ನಿಂತ ಜಾಗವನ್ನೂ ಅವಳು ಒರೆಸಿದಳು. ಆಗ ಮಾತು ಅವರ ನಾಲಿಗೆಯ ತುದಿಯವರೆಗೂ ಬಂದಿತ್ತು. ಅದು ನಿಜ. ಮನುಷ್ಯ ಕೆಟ್ಟವನಲ್ಲ, ಕರಾರಿನ ಮೇಲಿದ್ದವನು.

ನವೆಂಬರಿನ ಮೊದಲ ವಾರ ಮಾಲೀಕ ಮನೆ ಖಾಲಿ ಮಾಡಲು ನೋಟಿಸು ಕೊಟ್ಟ. ಜನವರಿ ಮೂವತ್ತೊಂದು ಗಡುವು. ಸ್ಮಿತಾಳ ದಿನ ತುಂಬುವುದೂ ಜನವರಿಯ ಕೊನೆಗೇ. ಯತಿರಾಜ್ ಆಫೀಸಿನಿಂದ ಫೋನ್ ಮಾಡಿದ. ಅವನ ಕಂಪನಿಯಲ್ಲಿ ಆಗಲೇ ಹತ್ತು ಜನರನ್ನು ಮನೆಗೆ ಕಳಿಸಿದ್ದರು. ಈ ಸ್ಥಿತಿಯಲ್ಲಿ ಗ್ರೀನ್ ಕಾರ್ಡ್ ಹುಡುಗನಿಗೆ ಸ್ಟುಟ್‌ಗಾರ್ಟಿನಲ್ಲಿ ಹೊಸ ಮನೆ ಯಾರೂ ಕೊಡುವಂತಿರಲಿಲ್ಲ.

“ಏನಾದ್ರೂ ಮಾಡ್ಬೋದಾ ಸರ್? ನಮ್ಗೆ ನಿಮ್ಮನ್ ಬಿಟ್ರೆ ಇಲ್ಲಿ ಲಾ ಗೊತ್ತಿರೋರು ಯಾರೂ ಇಲ್ಲ.”

ಮಾಡಬಹುದು, ಗಡುವು ದೂರ ಇದೆ, ಡಿಸೆಂಬರ್ ಮಧ್ಯದವರೆಗೆ ತಡಿ ಎಂದರು ದ್ವಾರಕನಾಥರು. ಸುದ್ದಿ ಕೇಳಿದ ಬ್ರೆಮರ್ ಕೈಕುಲುಕಿ ಅಭಿನಂದಿಸಿದರು. ಅಂದು ಸಂಜೆ ವೈದೇಹಿ ಏನೂ ಕೇಳಲಿಲ್ಲ. ಅವರೇ ಹೇಳಿದ್ದನ್ನು ಕೇಳಿಸಿಕೊಂಡು, ಊಟಕ್ಕೆ ಬಡಿಸಿ, ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಆ ಮನೆಯಲ್ಲಿ ಮಾತು ಉಪ್ಪು, ಹಾಲು, ಕರೆಂಟು ಬಿಲ್ಲಿಗಷ್ಟೇ ಉಳಿಯಿತು.

ವರದಿ ಅರವತ್ನಾಲ್ಕು ಪುಟ ಆಯಿತು. ಮೇಲೆ ಸಮಾಜದ ಸವಾಲು, ಕೆಳಗೆ ನಾನೂರ ಹನ್ನೆರಡು ಅಡಿಟಿಪ್ಪಣಿ. ದ್ವಾರಕನಾಥರಿಗೆ ತಮ್ಮ ಜಾಣತನವನ್ನು ಎಲ್ಲಾದರೂ ದಾಖಲಿಸದೆ ಇರಲಾಗಲಿಲ್ಲ. ಹದಿನಾಲ್ಕನೇ ಪುಟದ ಬುಡದಲ್ಲಿ, ಇರುವೆಯಂಥ ಅಕ್ಷರದಲ್ಲಿ, ಎಂಬತ್ತೇಳನೇ ಟಿಪ್ಪಣಿಯಾಗಿ ಹೀಗೆ ಬರೆದರು: ಈ ದಂಪತಿಯ ನಾಡಿನಲ್ಲಿ ಇನ್ನೊಬ್ಬರ ಬಾಗಿಲಿಗೆ ಪೊರಕೆ ನೇತುಹಾಕುವುದು ಕಡು ಅವಮಾನ, ಕಿರಿಯಳು ಬೋರ್ಡನ್ನು ಕೊಡದಿದ್ದುದು ಗೌರವದಿಂದ, ಹಿರಿಯಳು ಅದನ್ನು ತಿರಸ್ಕಾರವೆಂದು ತಿಳಿದಿದ್ದಾಳೆ. ಇಬ್ಬರಿಗೂ ಒಂದೇ ಒಂದು ವಾಕ್ಯ ಹೇಳಿದರೆ ವಿವಾದ ಮುಗಿಯುತ್ತದೆ. ಕೊನೆಗೆ ಶಿಸ್ತಾಗಿ ಸಂದರ್ಶನದ ತಾರೀಕುಗಳನ್ನೂ ಹಾಕಿದರು, ಸೆಪ್ಟೆಂಬರ್ ಇಪ್ಪತ್ತೆರಡು ಮತ್ತು ಇಪ್ಪತ್ನಾಲ್ಕು.

ನಿಯಮದ ಪ್ರಕಾರ ಮಾಹಿತಿ ಕೊಟ್ಟವರಿಗೆಲ್ಲ ವರದಿಯ ಪ್ರತಿ ಕಳಿಸಿ ಒಪ್ಪಿಗೆಯ ಸಹಿ ಪಡೆಯಬೇಕು. ಕಳಿಸಿದರು. ಅವರಿಗೆ ಅಳುಕೇನೂ ಇರಲಿಲ್ಲ. ಇಪ್ಪತ್ಮೂರು ವರ್ಷದ ಅನುಭವದಲ್ಲಿ ಅವರು ಬರೆದದ್ದನ್ನು ಹದಿನಾಲ್ಕನೇ ಪುಟದ ತನಕ ಯಾರೂ ಓದಿದ್ದಿಲ್ಲ, ಅಡಿಟಿಪ್ಪಣಿಯ ಮಾತಂತೂ ದೂರ. ಯತಿರಾಜ್ ಜರ್ಮನ್ನಿನ ಅಷ್ಟು ದಪ್ಪ ಕಟ್ಟು ನೋಡಿ, ಸರ್ ಬರೆದದ್ದಲ್ಲವೇ ಎಂದು ಕಣ್ಣುಮುಚ್ಚಿ ಸಹಿ ಹಾಕಿ ಕಳಿಸಿದ. ಫ್ರೌ ಹೇಬರ್ಲೆಯ ಸಹಿ ಬರಲಿಲ್ಲ. ವಯಸ್ಸಾದವರು, ಬಿಡಿ ಎಂದರು ಬ್ರೆಮರ್.

ಡಿಸೆಂಬರ್ ಹನ್ನೆರಡರ ಸಭೆ ಹೂವೆತ್ತಿದಂತೆ ನಡೆದುಹೋಯಿತು. ಸಮಿತಿಯ ಐವರೂ ಮೊದಲ ಪುಟ, ಕೊನೆಯ ಪುಟ ಓದಿದ್ದರು. ಬಸುರಿ ಹೆಂಗಸು, ನೋಟಿಸು, ಮೆಟ್ಟಿಲು ಎಂದಾಗ ತಲೆದೂಗಿದರು. ಕಾನೂನು ವಿದ್ಯೆ ಕೊನೆಗೂ ಬೀದಿಗಿಳಿಯಿತು ಎಂದು ಅಧ್ಯಕ್ಷರು ಹೊಗಳಿ, ಮೂರು ವರ್ಷದ ಯೋಜನೆಗೆ ಅಲ್ಲೇ ಒಪ್ಪಿಗೆ ಕೊಟ್ಟರು. ಮಧ್ಯಾಹ್ನ ಊಟಕ್ಕೆ ಸಮಿತಿಯನ್ನು ಕಾರಿನಲ್ಲಿ ಕರೆದೊಯ್ದರು, ಬೀದಿಯಲ್ಲಿ ನಡೆಸಲಿಲ್ಲ.

ದ್ವಾರಕನಾಥರ ಎದೆಯ ಮೇಲಿನ ಬಂಡೆ ಇಳಿಯಿತು. ಇನ್ನು ಆ ಒಂದು ವಾಕ್ಯ ಹೇಳಲು ಯಾರ ಅಡ್ಡಿಯೂ ಇಲ್ಲ. ಶನಿವಾರ ಒಂದು ಡಬ್ಬಿ ಸಿಹಿ ಕೊಂಡು, ಸಂಜೀವಿನಿ ಹೊತ್ತು ತರುವ ಗತ್ತಿನಲ್ಲಿ ಯತಿರಾಜನ ಮನೆಯ ಮೆಟ್ಟಿಲು ಹತ್ತಿದರು. ಎರಡನೇ ಮಹಡಿಯಲ್ಲಿ ಕಾಲು ತಡೆಯಿತು. ಫ್ರೌ ಹೇಬರ್ಲೆಯ ಬಾಗಿಲಿಗೆ ಬೋರ್ಡು ನೇತಾಡುತ್ತಿತ್ತು. ಹೊಸ ಬೋರ್ಡು. ಅಕ್ಷರವಿತ್ತು, ಬಕೀಟಿನ ಚಿತ್ರವಿತ್ತು, ಪೊರಕೆ ಇರಲಿಲ್ಲ.

ಒಳಗೆ ಅಡುಗೆಮನೆಯ ಮೇಜಿನ ಮುಂದೆ ಫ್ರೌ ಹೇಬರ್ಲೆ ಕೂತಿದ್ದರು. ಸ್ಮಿತಾ ಕಾಲು ನೀಡಿಕೊಂಡು ಎದುರಿಗೆ ಕೂತು ಮುದುಕಿ ತಂದಿದ್ದ ಕೇಕು ತಿನ್ನುತ್ತಿದ್ದಳು. ಯತಿರಾಜ್ ಸಂಭ್ರಮದಲ್ಲಿ ಎಲ್ಲ ಹೇಳಿದ. ಬುಧವಾರ ಅಜ್ಜಿ ಬಾಗಿಲು ಬಡಿದರು, ಕೈಯಲ್ಲಿ ಸರ್ ಬರೆದ ವರದಿ ಇತ್ತು, ಡಿಕ್ಷನರಿ ಹಿಡಿದು ಓದಿ ನಿನ್ನ ಹೆಂಡತಿಗೆ ಹೇಳು ಎಂದು ನನಗೆ ಒಂದು ಟಿಪ್ಪಣಿ ತೋರಿಸಿದರು, ಆಮೇಲೆ ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅಜ್ಜಿಯೇ ಮಾಲೀಕನಿಗೆ ಕಾಗದ ಬರೆದು ನೋಟಿಸು ವಾಪಸು ತೆಗೆಸಿದರು. ಸ್ಮಿತಾಳಿಗೆ ಮುಜುಗರವಾಗಬಾರದೆಂದು ಬಡಗಿಗೆ ಹೇಳಿ ಹೊಸ ಬೋರ್ಡನ್ನೂ ಮಾಡಿಸಿದರು.

“ನಿಮ್ ರಿಸರ್ಚಿಂದ್ಲೇ ಸರ್ ಎಲ್ಲಾ ಸರಿಹೋಗಿದ್ದು” ಎಂದ ಯತಿರಾಜ್. ಅವನು ವ್ಯಂಗ್ಯ ಮಾಡುವ ಜಾತಿಯವನೇ ಅಲ್ಲ.

ಫ್ರೌ ಹೇಬರ್ಲೆ ಮಾತ್ರ ನಗಲಿಲ್ಲ. ವರದಿಯನ್ನು ಹದಿನಾಲ್ಕನೇ ಪುಟಕ್ಕೆ ತಿರುಗಿಸಿ ಮೇಜಿನ ಮೇಲೆ ಇಟ್ಟರು. ಅಂಚಿನ ತುಂಬ ಪೆನ್ಸಿಲ್ ಗುರುತು. ಎರಡು ಅಲ್ಪವಿರಾಮ ತಪ್ಪಿದ್ದನ್ನೂ ತಿದ್ದಿದ್ದರು. ದ್ವಾರಕನಾಥರ ಬರವಣಿಗೆಗೆ ಜೀವಮಾನದಲ್ಲಿ ಸಿಕ್ಕ ಒಬ್ಬರೇ ಓದುಗರು ಟಿಪ್ಪಣಿಯ ಕೊನೆಯ ಸಾಲಿನ ತಾರೀಕಿನ ಮೇಲೆ ಬೆರಳಿಟ್ಟರು.

“ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೆ ನಿಮಗೆ ಗೊತ್ತಿತ್ತು” ಎಂದರು ನಿಧಾನವಾಗಿ, ಅವರಿಗೆ ಅರ್ಥವಾಗಲೆಂದು ಶುದ್ಧ ಜರ್ಮನ್ನಿನಲ್ಲಿ. “ನಾನು ಮಾಲೀಕನಿಗೆ ಇನ್ನೂ ಎರಡು ಪತ್ರ ಬರೆದೆ. ಈ ಮಗು ಹೊಟ್ಟೆ ಹೊತ್ತುಕೊಂಡು ಒರೆಸುವುದನ್ನು ನಾನು ಕಿಂಡಿಯಿಂದ ನೋಡುತ್ತಿದ್ದೆ. ನೀವು ಎದುರಿಗೇ ನಿಂತಿದ್ದಿರಿ. ಯಾಕೆ ಹೇಳಲಿಲ್ಲ?”

ಮೆಥಡ್ ಎನ್ನಲು ದ್ವಾರಕನಾಥರಿಗೆ ಬಾಯಿ ಬರಲಿಲ್ಲ. ಯೋಜನೆ, ಕರಾರು, ಮಾರ್ಚ್ ಮೂವತ್ತೊಂದು ಎಂದು ಏನೋ ತೊದಲಿದರು. ಯತಿರಾಜ್ ತಾರೀಕನ್ನು ನೋಡಿದ, ಅವರ ಮುಖ ನೋಡಿದ, ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡ. ಜರ್ಮನ್ ಬಾರದ ಸ್ಮಿತಾ ಏನಂತೆ ಎಂದು ಗಂಡನನ್ನು ಕೇಳಿ, ಅವನು ತಗ್ಗಿದ ದನಿಯಲ್ಲಿ ಹೇಳಿದ ಅಷ್ಟಿಷ್ಟನ್ನು ಕೇಳಿಸಿಕೊಂಡಳು. ಅವಳು ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಹೋಗ್ಲಿ ಬಿಡಿ ಸರ್” ಎಂದಳು. “ಜಗಳ ಇಲ್ದೆ ಇದ್ರೆ ನಿಮ್ ಕೆಲ್ಸಕ್ಕೆ ತೊಂದ್ರೆ ಆಗುತ್ತಾ? ಹಾಗಿದ್ರೆ ಅವ್ರು ನೋಡಕ್ಕೆ ಬಂದ್ ದಿನ ನಾವಿಬ್ರೂ ಮಾತಾಡ್ದೆ ಇರ್ತೀವಿ. ಬೋರ್ಡ್ ಒಳಗ್ ತಂದಿಟ್ಕೋತೀನಿ. ಈ ವಯಸ್ಸಲ್ಲಿ ನಿಮ್ ಕೆಲ್ಸ ಹೋಗ್ಬಾರ್ದು.”

ಅವಳು ಮನಸಾರೆ ಹೇಳಿದ್ದಳು. ದ್ವಾರಕನಾಥರು ಸಿಹಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬರುತ್ತೇನೆ ಎಂದು ಹೇಳುವುದನ್ನೂ ಮರೆತು ಮೆಟ್ಟಿಲಿಳಿದರು. ಮೆಟ್ಟಿಲು ಥಳಥಳ ಹೊಳೆಯುತ್ತಿತ್ತು. ಮನೆಯಲ್ಲಿ ವೈದೇಹಿಗೆ ಎಲ್ಲ ಸರಿಹೋಯಿತು ಎಂದರು. ಯಾರು ಸರಿಮಾಡಿದ್ದು ಎಂದು ಅವಳು ಕೇಳಿದಳು. 

ಸೋಮವಾರ ಬೆಳಿಗ್ಗೆ ಸಂಸ್ಥೆಯ ಮೂರನೇ ಮಹಡಿಗೆ ಬಂದಾಗ ತಮ್ಮ ಕೋಣೆಯ ಬಾಗಿಲ ಹಿಡಿಗೆ ಏನೋ ನೇತಾಡುತ್ತಿದ್ದುದು ದೂರದಿಂದಲೇ ಕಂಡಿತು. ಹತ್ತಿರ ಹೋದರು. ಮರದ ಹಳೇ ಬೋರ್ಡು. ಕೆಂಪಕ್ಷರ, ಕೆಳಗೆ ಬಕೀಟು, ಅದಕ್ಕೆ ಒರಗಿದ ದಪ್ಪನೆಯ ಪೊರಕೆ. ವಯಸ್ಸಾದ ಹೆಂಗಸೊಬ್ಬರು ಏಳೂವರೆಗೇ ಬಂದು, ಡಾಕ್ಟರಿಗೆ ಅರ್ಥವಾಗುತ್ತದೆ ಎಂದು ಹೇಳಿ ನೇತುಹಾಕಿ ಹೋದರು ಎಂದು ಸೆಕ್ರೆಟರಿ ತಿಳಿಸಿದಳು.

ಅಷ್ಟರಲ್ಲಿ ಸೈಕಲ್ಲಿನ ಹೆಲ್ಮೆಟ್ ಕಂಕುಳಲ್ಲಿ ಇರುಕಿಕೊಂಡು ಬ್ರೆಮರ್ ಬಂದರು. ಬೋರ್ಡು ನೋಡಿ ಮುಖ ಅರಳಿತು. ಕ್ಷೇತ್ರದವರೇ ತಂದುಕೊಟ್ಟರೇ, ಎಂಥ ಪ್ರೀತಿ, ಇದನ್ನು ತೆಗೆಯಲೇಬೇಡಿ, ಸಮಿತಿಯವರು ಬಂದಾಗ ಕಣ್ಣಿಗೆ ಬೀಳುವ ಹಾಗೆ ಮೂರು ವರ್ಷವೂ ಇಲ್ಲೇ ಇರಲಿ ಎಂದು ಬೆನ್ನು ತಟ್ಟಿ ಮುಂದೆ ಹೋದರು. ಅವರು ಹದಿನಾಲ್ಕನೇ ಪುಟ ಓದಿರಲಿಲ್ಲ. ಆ ಕಟ್ಟಡದಲ್ಲಿ ಆ ಪೊರಕೆಯ ಅರ್ಥ ಗೊತ್ತಿದ್ದವರು ದ್ವಾರಕನಾಥರೊಬ್ಬರೇ. ಒರೆಸುವ ಕೆಲಸ ಮುಗಿಸುವ ತನಕ ಬೋರ್ಡು ಕದಲುವಂತಿಲ್ಲ ಎಂಬ ನಿಯಮವನ್ನೂ ವರದಿಯ ಮೂರನೇ ಪುಟದಲ್ಲಿ ಅವರೇ ಬರೆದಿದ್ದರು. ಅವರು ಜೇಬಿನಿಂದ ಬೀಗದ ಕೈ ತೆಗೆದರು. ಬಾಗಿಲು ತೆಗೆಯಬೇಕೆಂದರೆ ಪೊರಕೆಯನ್ನು ಮುಟ್ಟಲೇಬೇಕಾಗಿತ್ತು.